ಬಿರುಕಿಗೆ ಜೀವ ಇದೆಯೇ?

ಮೇ ತಿಂಗಳ ಕೊನೆಯ ವಾರ. ಗೋಪನಕೊಪ್ಪದ ಒಂದು ಬಡಾವಣೆಯಲ್ಲಿ ಮಾರಾಟಕ್ಕಿದ್ದ ಮನೆಯ ಅಡುಗೆಕೋಣೆಯಲ್ಲಿ ಐದು ಜನ ನಿಂತಿದ್ದೆವು. ಮನೆ ಕೊಳ್ಳಲು ಹೊರಟ ನನ್ನ ತಂಗಿ, ಅವಳ ಗಂಡ, ಏಜೆಂಟ್, ನಾನು, ಮತ್ತು ನಾವು ಜೊತೆಗೆ ಕರೆತಂದ ಒಬ್ಬ ಸಿವಿಲ್ ಎಂಜಿನಿಯರ್. ಕಿಟಕಿಯ ಕೆಳಮೂಲೆಯಿಂದ ಹೊರಟ ಒಂದು ಬಿರುಕು ಓರೆಯಾಗಿ ಇಳಿಯುತ್ತ ಮನೆಯ ಹೊರಮೂಲೆಯ ಕಡೆ ಹೋಗಿತ್ತು. ಮೇಲೆ ಕೂದಲೆಳೆಯಷ್ಟು, ಕೆಳಗೆ ಹೋದಂತೆ ಅಗಲ.

‘ಇದು ಬರೇ ಗಿಲಾವಿನ ಬಿರುಕು ರೀ. ಪುಟ್ಟಿ ಹಚ್ಚಿದ್ರ ಮುಗೀತು’ ಎಂದರು ಏಜೆಂಟ್.

ಎಂಜಿನಿಯರ್ ಉತ್ತರ ಕೊಡಲಿಲ್ಲ. ಜೇಬಿನಿಂದ ಎಟಿಎಂ ಕಾರ್ಡ್ ತೆಗೆದು ಅದರ ಅಂಚನ್ನು ಬಿರುಕಿನೊಳಗೆ ತೂರಿಸಿದರು. ಸಲೀಸಾಗಿ ಹೋಯಿತು. ಎರಡು ಕಾರ್ಡು ಜೋಡಿಸಿ ತೂರಿಸಿದರು. ಕೆಳತುದಿಯಲ್ಲಿ ಅದೂ ಹೋಯಿತು. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್, ಎರಡಾದರೆ ಒಂದೂವರೆ. ಆಮೇಲೆ ಬಿರುಕಿನ ಆಚೆಗೊಂದು ಈಚೆಗೊಂದು ಪೆನ್ಸಿಲ್ಲಿನಿಂದ ಕೂಡು ಗುರುತು ಹಾಕಿ, ಎರಡರ ನಡುವಿನ ಅಂತರವನ್ನು ಕ್ಯಾಲಿಪರ್‌ನಿಂದ ಅಳೆದು, ಪಕ್ಕದಲ್ಲೇ ತಾರೀಖು ಬರೆದರು. ಬಿರುಕು ಎಲ್ಲಿ ಕೊನೆಯಾಗುತ್ತದೋ ಅಲ್ಲಿ ಒಂದು ಅಡ್ಡಗೀಟು ಎಳೆದರು.

‘ಬಿರುಕು ಇರೋದು ತಪ್ಪಲ್ಲ. ಅದಕ್ಕ ಜೀವ ಐತೋ ಇಲ್ಲೋ ಅನ್ನೋದು ಪ್ರಶ್ನೆ’ ಎಂದರು ಅವರು. ಈ ಅಧ್ಯಾಯ ಇರುವುದು ಆ ಒಂದು ಪ್ರಶ್ನೆಯ ಸುತ್ತ.

ಮನೆ ಕೊಳ್ಳುವಾಗ ನಮ್ಮಲ್ಲಿ ಕಾಗದಪತ್ರವನ್ನು ವಕೀಲರಿಗೆ ತೋರಿಸುತ್ತೇವೆ. ದಿಕ್ಕು ನೋಡಲು ಬಲ್ಲವರನ್ನು ಕರೆಯುತ್ತೇವೆ. ಸಾಲ ಕೊಡುವ ಬ್ಯಾಂಕು ತನ್ನ ಸಾಲಕ್ಕೆ ತಕ್ಕ ಬೆಲೆ ಇದೆಯೋ ಎಂದು ನೋಡಲು ಮೌಲ್ಯಮಾಪಕರನ್ನು ಕಳಿಸುತ್ತದೆ. ಗೋಡೆ, ಪಾಯ, ಚಾವಣಿ, ಕೊಳವೆ, ತಂತಿ ಇವು ಹೇಗಿವೆ ಎಂದು ಕೊಳ್ಳುವವರ ಪರವಾಗಿ ನೋಡುವವರು ಮಾತ್ರ ಇವರಲ್ಲಿ ಯಾರೂ ಇಲ್ಲ. ಜೀವಮಾನದ ಗಳಿಕೆ ಸುರಿಯುವ ವಸ್ತುವನ್ನು ನಾವು ಬಣ್ಣ ನೋಡಿ ಕೊಳ್ಳುತ್ತೇವೆ. ವೃತ್ತಿಪರ ಮನೆ ತಪಾಸಣೆ ತುಂಬುವುದು ಈ ಖಾಲಿ ಜಾಗವನ್ನು. ಅದರ ಹಿಂದಿರುವ ವಿಜ್ಞಾನ ತಿಳಿದರೆ ತಪಾಸಣೆಯವರು ಬರುವ ಮೊದಲೇ ಅರ್ಧ ಕೆಲಸ ನಿಮ್ಮ ಕಣ್ಣೇ ಮಾಡುತ್ತದೆ.

ಮನೆಯ ಕೆಳಗಿನ ಹೊಲ

ಹುಬ್ಬಳ್ಳಿ-ಧಾರವಾಡ ಇರುವುದು ಮಲೆನಾಡು ಮುಗಿದು ಬಯಲುಸೀಮೆ ಹಿಡಿಯುವ ಸೆರಗಿನಲ್ಲಿ. ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಕೆಂಪು ಮಸಾರಿ, ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಕಣ್ಣು ಹಾಯುವವರೆಗೂ ಕಪ್ಪು ಎರಿ. ನಡುವಿನ ಪಟ್ಟಿಯಲ್ಲಿ ಎರಡೂ ಬೆರೆತಿವೆ. ಒಂದು ಸೈಟಿನಲ್ಲಿ ಮೂರಡಿ ಅಗೆದರೆ ಗಟ್ಟಿ ಗರಸು ಸಿಗುತ್ತದೆ, ನಾಲ್ಕು ಸೈಟಿನಾಚೆ ಎಂಟಡಿ ಇಳಿದರೂ ಎರಿ ಮುಗಿಯುವುದಿಲ್ಲ. ಗೋಪನಕೊಪ್ಪದಂಥ ಊರುಗಳಲ್ಲಿ ಬಡಾವಣೆಗಳು ಎದ್ದದ್ದು ಕೃಷಿಯೇತರ (ಎನ್‌ಎ) ಎಂದಾದ ಹೊಲಗಳ ಮೇಲೆ. ಜೋಳ, ಹತ್ತಿ ಬೆಳೆಯಲು ಹೇಳಿ ಮಾಡಿಸಿದ ಮಣ್ಣು ಮನೆ ಹೊರಲು ಕಷ್ಟದ ಮಣ್ಣು. ಅದಕ್ಕೆ ಕಾರಣ ಒಂದೇ: ನೀರನ್ನು ಹಿಡಿದಿಡುವ ಗುಣ.

ಈ ಸೀಮೆಯ ತಳದ ಬಂಡೆ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. 250 ಕೋಟಿ ವರ್ಷಕ್ಕೂ ಹಿಂದಿನ ಶಿಲೆಗಳವು. ಅಂಥ ಬಂಡೆ ಸವೆದು, ನೀರು ಸರಿಯಾಗಿ ಬಸಿದುಹೋಗದ ಒಣ ಸೀಮೆಯಲ್ಲಿ ಮಣ್ಣಾದಾಗ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹುಟ್ಟುತ್ತದೆ. ಫ್ರಾನ್ಸಿನ ಮಾಂಟ್‌ಮೊರಿಯೋ ಎಂಬ ಊರಿನಿಂದ ಅದಕ್ಕೆ ಈ ಹೆಸರು. ಅದರ ಕಣವೆಂದರೆ ಒಂದರ ಮೇಲೊಂದು ಪೇರಿಸಿದ ಹಾಳೆಗಳ ಕಟ್ಟು. ಪ್ರತಿ ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಹಾಳೆ ಹಾಳೆಯ ನಡುವಿನ ಬಂಧ ಸಡಿಲ. ನೀರು ಬಂದರೆ ನಡುವೆ ನುಗ್ಗಿ ಹಾಳೆಗಳನ್ನು ದೂರ ತಳ್ಳುತ್ತದೆ, ನೀರು ಆರಿದರೆ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ. ಇಂಥ ಒಂದು ಗ್ರಾಂ ಖನಿಜದ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 800 ಚದರ ಮೀಟರ್‌ವರೆಗೂ ಆದೀತು. ಅಂದರೆ ಚಿಟಿಕೆ ಮಣ್ಣಿನೊಳಗೆ ಏಳು 30×40 ಸೈಟುಗಳಷ್ಟು ಮೈ, ಎಲ್ಲವೂ ನೀರಿಗಾಗಿ ಬಾಯಿ ತೆರೆದದ್ದು.

ಇದನ್ನು ಮನೆಯಲ್ಲೇ ನೋಡಬಹುದು. ಎರಿ ಹೆಂಟೆಯನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು ನುಣ್ಣನೆಯ ಪುಡಿ ಮಾಡಿ. ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಸಮಸಮ ಪುಡಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು ಕಲಕಿ, ಒಂದು ದಿನ ಮುಟ್ಟದೆ ಬಿಡಿ. ಸೀಮೆಎಣ್ಣೆಯ ಅಣುಗಳು ಹಾಳೆಗಳ ನಡುವೆ ಹೋಗಲಾರವು. ಹಾಗಾಗಿ ಅಲ್ಲಿ ಮಣ್ಣು ಇದ್ದಷ್ಟೇ ಕೂರುತ್ತದೆ. ನೀರಿನ ಲೋಟದಲ್ಲಿ ಅದೇ ಮಣ್ಣು ಉಬ್ಬಿ ಮೇಲೇರಿರುತ್ತದೆ. ಪ್ರಯೋಗಾಲಯದಲ್ಲಿ 10 ಗ್ರಾಂ ಮಣ್ಣು ಹಾಕಿ, ಅಳತೆಯ ಜಾಡಿಗಳಲ್ಲಿ ಇದನ್ನೇ ಮಾಡುತ್ತಾರೆ. ನೀರಿನಲ್ಲಿರುವ ಮಣ್ಣು ಸೀಮೆಎಣ್ಣೆಯಲ್ಲಿರುವುದಕ್ಕಿಂತ ಶೇ. 50ರೊಳಗೆ ಹೆಚ್ಚಿದ್ದರೆ ಚಿಂತೆ ಕಡಿಮೆ, ಶೇ. 100 ದಾಟಿದರೆ ಎಚ್ಚರ, 200 ದಾಟಿದರೆ ಆ ನೆಲದಲ್ಲಿ ಸಾಮಾನ್ಯ ಪಾಯ ಹಾಕಲೇಬಾರದು. ನಮ್ಮ ಎಂಜಿನಿಯರ್ ಆ ದಿನ ಹಿತ್ತಲಿನಿಂದ ಒಂದು ಪೊಟ್ಟಣ ಮಣ್ಣು ಕಟ್ಟಿಕೊಂಡದ್ದು ಈ ಪರೀಕ್ಷೆಗೇ.

ಮಳೆಗಾಲದಲ್ಲಿ ಎರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿಬಿಡುತ್ತದೆ. ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಆಳದವರೆಗೆ ನಡೆಯುತ್ತದೆ, ಅದರ ಕೆಳಗೆ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎರಡು ಮೂರು ಅಡಿಗೆ ನಿಂತ ಪಾಯ ಪ್ರತಿ ವರ್ಷ ದೋಣಿಯಂತೆ ಏರಿಳಿಯುತ್ತದೆ. ಮನೆ ಪೂರ್ತಿ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಏನೂ ಆಗದು. ಒಂದು ಮೂಲೆ ಏರಿ ಇನ್ನೊಂದು ಮೂಲೆ ನಿಂತಲ್ಲೇ ನಿಂತರೆ ಗೋಡೆ ಸೀಳುತ್ತದೆ. ಇಲ್ಲಿ ಮನಸ್ಸಿಗೆ ಬಾರದ ಒಂದು ಸತ್ಯವಿದೆ. ಎರಿಯ ಮೇಲೆ ಭಾರದ ಕಟ್ಟಡಕ್ಕಿಂತ ಹಗುರ ಮನೆಗೇ ಪೆಟ್ಟು ಹೆಚ್ಚು. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವ ತೂಕ ಒಂದಂತಸ್ತಿನ ಮನೆಗಿಲ್ಲ.

ಈ ಸಮಸ್ಯೆಗೆ ನಮ್ಮ ದೇಶದಲ್ಲೇ ಎರಡು ಒಳ್ಳೆಯ ಉತ್ತರಗಳು ಹುಟ್ಟಿವೆ. ಒಂದು, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಗಡ್ಡೆಗಂಬ. ಮೂರೂವರೆ ಮೀಟರ್‌ಗೂ ಆಳಕ್ಕೆ ಕೊರೆದು, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಿ ಎಳೆದರೂ ಗಡ್ಡೆ ಕೆಳಗೆ ಹಿಡಿದು ನಿಲ್ಲುತ್ತದೆ. ಇನ್ನೊಂದು ಉತ್ತರ ನಮಗೆ ಇನ್ನೂ ಹತ್ತಿರದ್ದು. ಹುಬ್ಬಳ್ಳಿ-ಧಾರವಾಡದ ಜನ ಕುಡಿಯುವ ಮಲಪ್ರಭೆಯ ಬಲದಂಡೆ ಕಾಲುವೆ ಎರಿ ಹೊಲಗಳನ್ನು ಹಾಯುವಲ್ಲಿ ಉಬ್ಬುವ ಮಣ್ಣು ದೊಡ್ಡ ತೊಡಕಾಯಿತು. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ವರ್ಷಗಟ್ಟಲೆ ಪರೀಕ್ಷೆ ನಡೆಸಿ ಕಂಡುಕೊಂಡ ಉಪಾಯ ಸರಳವಾಗಿತ್ತು: ಎರಿಯ ಮೇಲೆ ಸುಮಾರು ಒಂದು ಮೀಟರ್ ದಪ್ಪಕ್ಕೆ, ಅಂಟುವ ಗುಣವುಳ್ಳ ಆದರೆ ಉಬ್ಬದ ಮಣ್ಣನ್ನು ದಮ್ಮಸ್ಸು ಮಾಡುವುದು. ಮನೆಗಳಿಗೂ ಈ ಪಾಠ ಸಲ್ಲುತ್ತದೆ. ಪಾಯಕ್ಕೆ ಬರೀ ಉಸುಕು ತುಂಬಿದರೆ ಅದು ನೀರಿನ ತೊಟ್ಟಿಯಾಗಿ ಸುತ್ತಲಿನ ಎರಿಗೆ ನೀರುಣಿಸುತ್ತದೆ. ಅಂಟುಳ್ಳ ಗರಸನ್ನು ಪದರ ಪದರವಾಗಿ ಕುಟ್ಟಿ ತುಂಬಬೇಕು.

ಅದಕ್ಕೇ ಒಳ್ಳೆಯ ತಪಾಸಕ ಮನೆಯೊಳಗೆ ಕಾಲಿಡುವ ಮೊದಲು ನೆಲದ ಚರಿತ್ರೆ ಕೇಳುತ್ತಾನೆ. ಪಾಯ ಎಷ್ಟಡಿ, ಯಾವ ಬಗೆ? ತುಂಬಿದ್ದು ಏನು? ಇಲ್ಲಿ ಹಿಂದೆ ಬಾವಿ ಇತ್ತೇ, ಹಗೇವು ಇತ್ತೇ? ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವುಗಳು ಈ ಸೀಮೆಯ ಹಳೆಯ ಊರುಗಳಲ್ಲಿ ಸಾಮಾನ್ಯ. ಸಡಿಲವಾಗಿ ಮುಚ್ಚಿದ ಹಗೇವಿನ ಮೇಲೆ ಗೋಡೆ ಬಂದರೆ ನೆಲ ಕುಸಿಯಲು ಒಂದು ದೊಡ್ಡ ಮಳೆ ಸಾಕು. ಇಂಥ ಸಂಗತಿ ಯಾವ ನಕ್ಷೆಯಲ್ಲೂ ಇರುವುದಿಲ್ಲ, ಪಕ್ಕದ ಮನೆಯ ಅಜ್ಜನ ನೆನಪಿನಲ್ಲಿ ಇರುತ್ತದೆ. ಅವರನ್ನು ಮಾತಾಡಿಸುವುದೂ ತಪಾಸಣೆಯ ಭಾಗವೇ.

ಬಿರುಕಿನ ವ್ಯಾಕರಣ

ಬಿರುಕು ಎಲ್ಲಿದೆ, ಯಾವ ಕಡೆ ಓಡಿದೆ, ಯಾವ ತುದಿಯಲ್ಲಿ ಅಗಲ ಎಂಬ ಮೂರು ಸಂಗತಿಗಳಿಂದ ಅದರ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು.

ಚಾವಣಿಯ ಕೆಳಗೇ, ಗೋಡೆ ಮತ್ತು ಸ್ಲ್ಯಾಬ್ ಕೂಡುವಲ್ಲಿ ಅಡ್ಡಲಾಗಿ ಓಡಿದ ಬಿರುಕು ಬಹುಪಾಲು ಬಿಸಿಲಿನದು. ಕಾಂಕ್ರೀಟು ಒಂದು ಡಿಗ್ರಿ ಬಿಸಿಯೇರಿದರೆ ತನ್ನ ಉದ್ದದ ಲಕ್ಷದಲ್ಲೊಂದು ಪಾಲು ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಸ್ಲ್ಯಾಬು ಏಪ್ರಿಲ್ ಬಿಸಿಲಿಗೆ 20 ಡಿಗ್ರಿ ಕಾದರೆ ಎರಡು ಮಿಲಿಮೀಟರ್ ಬೆಳೆಯಿತು. ನೆರಳಿನಲ್ಲಿರುವ ಗೋಡೆ ಅಷ್ಟು ಬೆಳೆಯುವುದಿಲ್ಲ, ಸೇರುವ ಜಾಗ ಬಿಡುತ್ತದೆ. ಕಂಬ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿನ ನೇರ ಬಿರುಕು ಎರಡು ಬೇರೆ ವಸ್ತುಗಳ ಸ್ವಭಾವದ್ದು. ಗಿಲಾವಿನ ಮೇಲೆ ಮೀನುಬಲೆಯಂತೆ ಹಬ್ಬಿದ ಎಳೆಗಳು ಸಿಮೆಂಟು ಬೇಗ ಆರಿದ್ದಕ್ಕೆ ಸಾಕ್ಷಿ. ಇವುಗಳಿಗೆ ಪುಟ್ಟಿ ಹಚ್ಚಬಹುದು.

ಕಿಟಕಿ ಬಾಗಿಲುಗಳ ಮೂಲೆಯಿಂದ ಹೊರಟು ಓರೆಯಾಗಿ, ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬಿರುಕು ಪಾಯದ ಮಾತು. ಗೋಡೆಯ ಮೈಯಲ್ಲಿ ತೆರಪಿರುವ ಕಡೆ ಎಳೆತವೆಲ್ಲ ಮೂಲೆಯಲ್ಲಿ ಒಟ್ಟುಗೂಡುತ್ತದೆ, ಬಟ್ಟೆ ಹರಿಯುವುದು ಗುಂಡಿಯ ಕಾಜಿನಿಂದ ಶುರುವಾಗುವ ಹಾಗೆ. ಬಿರುಕು ಮೇಲ್ಗಡೆ ಅಗಲವಿದ್ದರೆ ಮನೆಯ ಅಂಚು ಕುಸಿದಿದೆ ಅಥವಾ ನಡು ಉಬ್ಬಿದೆ. ಕೆಳಗಡೆ ಅಗಲವಿದ್ದರೆ ಅಂಚು ಎದ್ದಿದೆ ಅಥವಾ ನಡು ಕುಸಿದಿದೆ. ನಮ್ಮ ಅಡುಗೆಕೋಣೆಯ ಬಿರುಕು ಕೆಳಗೆ ಅಗಲವಿತ್ತು, ಹೊರಮೂಲೆಯ ಕಡೆಗೇ ಇಳಿದಿತ್ತು. ಮೇ ತಿಂಗಳಲ್ಲಿ ಊರ ಮಣ್ಣೆಲ್ಲ ಕುಗ್ಗಿರುವಾಗ ಆ ಒಂದು ಮೂಲೆ ಮಾತ್ರ ಎದ್ದು ನಿಂತಿತ್ತು. ಅಂದರೆ ಅಲ್ಲಿನ ಮಣ್ಣು ಬೇಸಿಗೆಯಲ್ಲೂ ನೀರು ಕುಡಿಯುತ್ತಿತ್ತು. ಎಲ್ಲಿಂದ?

ಎಲ್ಲರೂ ಹಿತ್ತಲಿಗೆ ಹೋದೆವು. ಸಿಂಕಿನ ನೀರು ಹೊರಬೀಳುವ ಕೊಳವೆ ನೆಲ ಸೇರುವಲ್ಲಿ ಒಡೆದಿತ್ತು. ಅದರ ಸುತ್ತ ಒಂದು ಮಾರಿನಷ್ಟು ಜಾಗದಲ್ಲಿ ಹುಲ್ಲು ಹಚ್ಚಗೆ ಬೆಳೆದಿತ್ತು. ಸುತ್ತಲಿನ ಎರಿ ಬಾಯಿಬಿಟ್ಟು ಬಿದ್ದಿರುವಾಗ ಆ ಹಸಿರು ಮಚ್ಚೆ ಎಲ್ಲರ ಕಣ್ಣಿಗೂ ಬಿದ್ದಿತ್ತು, ಅದಕ್ಕೂ ಒಳಗಿನ ಬಿರುಕಿಗೂ ಗಂಟು ಹಾಕಿ ನೋಡಿದ್ದು ಒಬ್ಬರು ಮಾತ್ರ.

ಅಗಲದ ವಿಷಯದಲ್ಲಿ ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಪಟ್ಟಿಯೊಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. 1 ಮಿ.ಮೀ.ವರೆಗೆ ಬಹಳ ಅಲ್ಪ, 5ರವರೆಗೆ ಅಲ್ಪ, 15ರವರೆಗೆ ಮಧ್ಯಮ, 25ರವರೆಗೆ ತೀವ್ರ, ಅದರ ಮೇಲೆ ಅತಿ ತೀವ್ರ. ಆ ದೇಶಕ್ಕೂ ಇದನ್ನು ಕಲಿಸಿದ್ದು ಜೇಡಿಮಣ್ಣೇ. 1976ರ ಭಾರಿ ಬರದಲ್ಲಿ ಲಂಡನ್ ಸೀಮೆಯ ಜೇಡಿ ಒಣಗಿ ಕುಗ್ಗಿದಾಗ ಲೆಕ್ಕವಿಲ್ಲದಷ್ಟು ಮನೆಗಳು ಬಿರುಕುಬಿಟ್ಟು, ವಿಮಾ ಕಂಪನಿಗಳ ಮುಂದೆ ಅರ್ಜಿಗಳ ರಾಶಿ ಬಿತ್ತು. ಆದರೆ ಅಗಲ ಹೇಳುವುದು ಈ ಹೊತ್ತಿನ ಸ್ಥಿತಿಯನ್ನಷ್ಟೇ. ಹತ್ತು ವರ್ಷದ ಹಿಂದೆ ಬಿಟ್ಟು ಅಲ್ಲೇ ನಿಂತ ನಾಲ್ಕು ಮಿಲಿಮೀಟರಿನ ಬಿರುಕು ಸತ್ತದ್ದು. ವರ್ಷಕ್ಕೆ ಅರ್ಧ ಮಿಲಿಮೀಟರ್ ಬೆಳೆಯುವ ಕೂದಲೆಳೆ ಜೀವಂತ. ಒಂದು ಸಲದ ಭೇಟಿಯಲ್ಲಿ ಇದು ತಿಳಿಯುವುದಿಲ್ಲ. ಎರಿ ಸೀಮೆಯಲ್ಲಿ ಮನೆಯನ್ನು ಎರಡು ಸಲ ನೋಡಬೇಕು, ಮಣ್ಣು ಒಣಗಿದ ಮೇ ತಿಂಗಳಲ್ಲೊಮ್ಮೆ, ಮಳೆ ಕುಡಿದ ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ. ಪೆನ್ಸಿಲ್ ಗುರುತು ಇದ್ದದ್ದು ಅದಕ್ಕಾಗಿ.

ಏರುವ ನೀರು, ಇಳಿಯುವ ನೀರು

ಮನೆಯ ಎರಡನೆಯ ಶತ್ರು ತೇವ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ನೆಲದ ನೀರು ಏರುತ್ತದೆ. ರಂಧ್ರ ಸಣ್ಣದಾದಷ್ಟೂ ಏರಿಕೆ ಹೆಚ್ಚು. ತ್ರಿಜ್ಯ ಮಿಲಿಮೀಟರಿನ ನೂರರಲ್ಲೊಂದು ಭಾಗವಿದ್ದರೆ ಲೆಕ್ಕದ ಪ್ರಕಾರ ನೀರು ಒಂದೂವರೆ ಮೀಟರ್ ಏರಬಲ್ಲದು. ದಾರಿಯಲ್ಲೇ ಆವಿಯಾಗುವುದರಿಂದ ಸಾಮಾನ್ಯವಾಗಿ ಸೊಂಟದ ಮಟ್ಟಕ್ಕೆ ನಿಲ್ಲುತ್ತದೆ. ನೀರು ಆರಿ ಹೋಗುತ್ತದೆ, ಅದರೊಳಗಿನ ಉಪ್ಪು ಗೋಡೆಯಲ್ಲೇ ಉಳಿದು ಹರಳುಗಟ್ಟಿ ಗಿಲಾವನ್ನು ಒಳಗಿನಿಂದ ತಳ್ಳುತ್ತದೆ. ಬಣ್ಣದ ಮೇಲೆ ಬಿಳಿ ಹಿಟ್ಟಿನಂತೆ ಕಾಣುವುದು ಅದೇ. ಪಾಯ ಮುಗಿದು ಗೋಡೆ ಶುರುವಾಗುವಲ್ಲಿ ನೀರು ತಡೆಯುವ ಪದರ ಹಾಕದಿದ್ದರೆ, ಅಥವಾ ಆಮೇಲೆ ಅಂಗಳದ ಮಣ್ಣು ಆ ಪದರಕ್ಕಿಂತ ಮೇಲೇರಿದರೆ ಹೀಗಾಗುತ್ತದೆ. ರಸ್ತೆಯನ್ನು ಮತ್ತೆ ಮತ್ತೆ ಎತ್ತರಿಸಿದ ಹಳೆಯ ಓಣಿಗಳಲ್ಲಿ ಎರಡನೆಯ ಕಾರಣವೇ ಹೆಚ್ಚು.

ಸೊಂಟದ ಕೆಳಗಿನ ತೇವ ಏರಿ ಬಂದದ್ದು. ಸೂರಿನ ಹತ್ತಿರದ ತೇವ ಮಾಳಿಗೆಯಿಂದ ಇಳಿದದ್ದು. ನಡುಗೋಡೆಯಲ್ಲಿ ಮಚ್ಚೆಯಾಗಿ ಇದ್ದರೆ ಒಳಗೆ ಕೊಳವೆ ಸೋರುತ್ತಿದೆ. ಇದಕ್ಕೆ ತಪಾಸಕರ ಕೈಯಲ್ಲಿ ಎರಡು ಉಪಕರಣಗಳಿರುತ್ತವೆ. ಎರಡು ಸೂಜಿಯ ತೇವಮಾಪಕ ಗೋಡೆಯ ವಿದ್ಯುತ್ ರೋಧವನ್ನು ಅಳೆಯುತ್ತದೆ, ಒದ್ದೆಯಾದಷ್ಟೂ ರೋಧ ಕಡಿಮೆ. ಉಪ್ಪು ಹಿಡಿದ ಒಣಗೋಡೆಯೂ ಅದಕ್ಕೆ ಒದ್ದೆಯಾಗಿ ಕಾಣುವುದರಿಂದ ಅಂಕಿಯನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಉಷ್ಣ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಡಿದು ಗೋಡೆಯ ಬಿಸಿ ತಂಪುಗಳನ್ನು ಬಣ್ಣದಲ್ಲಿ ತೋರಿಸುತ್ತದೆ. ಹರವಿಯ ನೀರು ತಣ್ಣಗಾಗುವ ಕಾರಣವೇ ಇಲ್ಲಿಯದೂ. ಆವಿಯಾಗುವ ನೀರು ಶಾಖವನ್ನು ಎಳೆದುಕೊಳ್ಳುವುದರಿಂದ ತೇವದ ಜಾಗ ಸುತ್ತಲಿಗಿಂತ ಒಂದೆರಡು ಡಿಗ್ರಿ ತಂಪಾಗಿರುತ್ತದೆ. ಹೊಸ ಬಣ್ಣ ಕಣ್ಣಿನಿಂದ ಮುಚ್ಚಿಟ್ಟದ್ದನ್ನು ಕ್ಯಾಮೆರಾ ನೀಲಿ ಮಚ್ಚೆಯಾಗಿ ತೆಗೆದಿಡುತ್ತದೆ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೆ ಕ್ಯಾಮೆರಾ ಇಲ್ಲದೆಯೂ ಅನುಮಾನ ಪಡಬೇಕು.

ಕಾಂಕ್ರೀಟಿನೊಳಗಿನ ಕಬ್ಬಿಣ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ವಾಣಿಜ್ಯ ಸಂಕೀರ್ಣ ಕುಸಿಯಿತು. 19 ಜನ ಸತ್ತರು. ಅವಶೇಷದಡಿಯಿಂದ ಜನರನ್ನು ಹೊರತೆಗೆಯಲು ದಿನಗಟ್ಟಲೆ ಹಿಡಿಯಿತು. ಅವಳಿ ನಗರದ ನಾವು ಆ ವಾರವನ್ನು ಮರೆತಿಲ್ಲ. ಕಂಬ, ತೊಲೆ, ಸ್ಲ್ಯಾಬುಗಳು ಹೊರಗಿನಿಂದ ಎಷ್ಟು ಗಟ್ಟಿ ಕಂಡರೂ ಒಳಗೇನಿದೆ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಕೊಳ್ಳುವವರಿಗೂ, ಬಾಡಿಗೆಗೆ ಬರುವವರಿಗೂ ಇದೆ. ಆ ಹಕ್ಕನ್ನು ಬಳಸುವುದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ.

ಒಡೆಯದೆ ಒಳಗೆ ನೋಡುವ ದಾರಿಗಳಿವೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಅರ್ನ್ಸ್ಟ್ ಶ್ಮಿಟ್ ಕಂಡುಹಿಡಿದ ಮರುಪುಟಿತದ ಸುತ್ತಿಗೆ ಒಂದು. ಸ್ಪ್ರಿಂಗಿನ ಬಲದಿಂದ ಉಕ್ಕಿನ ತುದಿ ಕಾಂಕ್ರೀಟಿಗೆ ಬಡಿದು ಹಿಂದೆ ಪುಟಿಯುತ್ತದೆ. ಮೈ ಗಟ್ಟಿಯಿದ್ದಷ್ಟೂ ಪುಟಿತ ಹೆಚ್ಚು. ಇದರ ಅಂದಾಜು ಶೇ. 25ರಷ್ಟು ಆಚೀಚೆ ಆಗಬಹುದು, ಹಾಗಾಗಿ ಇದೊಂದನ್ನೇ ನೆಚ್ಚಿ ತೀರ್ಪು ಕೊಡುವುದಿಲ್ಲ. ಜೊತೆಗೆ ಶ್ರವಣಾತೀತ ಶಬ್ದವನ್ನು ಕಂಬದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯಿಸುತ್ತಾರೆ. ಒಳಗೆ ಪೊಳ್ಳಿದ್ದರೆ ಶಬ್ದ ಸುತ್ತಿ ಬರಬೇಕು, ತಡವಾಗುತ್ತದೆ. ಸೆಕೆಂಡಿಗೆ 4.5 ಕಿಲೋಮೀಟರ್ ವೇಗ ಸಿಕ್ಕರೆ ಕಾಂಕ್ರೀಟು ಉತ್ತಮ, 3ಕ್ಕಿಂತ ಕಡಿಮೆಯಾದರೆ ಅನುಮಾನಾಸ್ಪದ.

ಮೂರನೆಯ ಪರೀಕ್ಷೆ ನೋಡಲು ಚೆಂದ. ಒಳ್ಳೆಯ ಕಾಂಕ್ರೀಟು ಬಲವಾದ ಕ್ಷಾರ, ಅದರ ಪಿಎಚ್ 12ಕ್ಕೂ ಮೇಲೆ. ಆ ಕ್ಷಾರದ ಹೊದಿಕೆಯೊಳಗೆ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಒಳಗೆ ಇಳಿಯುತ್ತ ಸುಣ್ಣವನ್ನು ಕಾರ್ಬೊನೇಟ್ ಮಾಡಿ ಕ್ಷಾರವನ್ನು ತಿನ್ನುತ್ತದೆ. ಸಣ್ಣ ರಂಧ್ರ ಕೊರೆದು ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಕಡುಗುಲಾಬಿಯಾಗುತ್ತದೆ, ಸೋತ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಆ ಗೆರೆ ಕಬ್ಬಿಣ ಮುಟ್ಟಿದೆಯೋ ಇಲ್ಲವೋ ಎಂಬುದು ಮನೆಯ ಆಯುಷ್ಯದ ಪ್ರಶ್ನೆ. ಮುಟ್ಟಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಕಂಬದ ಉದ್ದಕ್ಕೂ ಕಂಬಿಯ ಗುಂಟ ಓಡಿದ ಬಿರುಕು, ತಾರಸಿಯ ತಳದಿಂದ ಉದುರುವ ಚಕ್ಕೆ ಇದರ ಗುರುತು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸೌಮ್ಯ ವಾತಾವರಣದಲ್ಲಿ ಸ್ಲ್ಯಾಬಿನ ಕಂಬಿಗೆ 20 ಮಿ.ಮೀ., ಕಂಬಕ್ಕೆ 40 ಮಿ.ಮೀ. ಹೊದಿಕೆ ಬೇಕು. ಎರಕ ಹಾಕುವಾಗ ಕಂಬಿಯ ಕೆಳಗೆ ಬಿಲ್ಲೆ ಇಡಲು ಗೌಂಡಿ ಮರೆತದ್ದರ ಫಲ ಇಪ್ಪತ್ತು ವರ್ಷದ ಮೇಲೆ ಕಾಣುತ್ತದೆ.

ಇನ್ನು ವಿದ್ಯುತ್ತು. ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಕಡಿಯುವ ರಕ್ಷಕ ಇದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದಾಗ ಬೀಳುತ್ತದೆಯೇ, ಅರ್ಥಿಂಗ್ ಗುಂಡಿ ನಿಜಕ್ಕೂ ಇದೆಯೇ ಅಥವಾ ಸಾಕೆಟ್ಟಿನ ಮೂರನೆಯ ತೂತು ಬರೀ ತೋರಿಕೆಗೆ ಇದೆಯೇ ಎಂದು ನೋಡಬೇಕು. ಹತ್ತು ನಿಮಿಷದ ಈ ಕೆಲಸ ಜೀವ ಉಳಿಸುವಂಥದ್ದು.

ಯಾರ ಪರವಾಗಿ ನೋಡುವುದು?

1976ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಡಯಾಬ್ಲೋ ಎಂಬಲ್ಲಿ ಒಬ್ಬಾಕೆ 1,70,000 ಡಾಲರ್ ಕೊಟ್ಟು ಮನೆ ಕೊಂಡಳು. ಕೊಂಡ ಸ್ವಲ್ಪ ದಿನಕ್ಕೇ ನೆಲ ಜಾರತೊಡಗಿತು. ಮನೆ ನಿಂತಿದ್ದು ಸರಿಯಾಗಿ ದಮ್ಮಸ್ಸು ಮಾಡದ ತುಂಬು ಮಣ್ಣಿನ ಮೇಲೆ. ಮುಂದೆ ಅದರ ಬೆಲೆ 20,000 ಡಾಲರಿಗೆ ಇಳಿದಿರಬಹುದೆಂಬ ಅಂದಾಜು ನ್ಯಾಯಾಲಯದ ಮುಂದೆ ಬಂತು. ಏಜೆಂಟರು ಇಳಿಜಾರಿಗೆ ಹಾಕಿದ್ದ ಬಲೆಯನ್ನು, ಅತಿಥಿಗೃಹದ ನೆಲ ಸಮವಿಲ್ಲದ್ದನ್ನು ನೋಡಿದ್ದರು, ಮಣ್ಣಿನ ಪರೀಕ್ಷೆ ಕೇಳಿರಲಿಲ್ಲ. 1984ರಲ್ಲಿ ಮೇಲ್ಮನವಿ ನ್ಯಾಯಾಲಯ, ಕಣ್ಣಿಗೆ ಕಾಣುವ ದೋಷಗಳನ್ನು ಹುಡುಕಿ ಕೊಳ್ಳುವವರಿಗೆ ತಿಳಿಸುವುದು ಏಜೆಂಟರ ಕರ್ತವ್ಯ ಎಂದಿತು. ಸಮವಿಲ್ಲದ ಒಂದು ನೆಲ ಕಾನೂನನ್ನೇ ಬದಲಿಸಿತು. ಮನೆ ತಪಾಸಕರ ಅಮೆರಿಕನ್ ಸಂಘ ಹುಟ್ಟಿದ್ದೂ ಅದೇ 1976ರಲ್ಲಿ. ಈಗ ಅಲ್ಲಿ ತಪಾಸಣೆ ಇಲ್ಲದೆ ಮನೆ ಕೊಳ್ಳುವವರು ಕಡಿಮೆ.

ನಮ್ಮಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) 14ನೆಯ ಕಲಮು ಒಂದು ಆಸರೆ ಕೊಟ್ಟಿದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ ಕಟ್ಟಿದವರು 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಇದು 500 ಚದರ ಮೀಟರ್ ಅಥವಾ ಎಂಟು ಮನೆಗಳನ್ನು ಮೀರಿದ ಯೋಜನೆಗಳಿಗೆ. ಗೋಪನಕೊಪ್ಪದಂಥ ಕಡೆ ಕೈಬದಲಾಗುವ ಹೆಚ್ಚಿನ ಮನೆಗಳು ಬಿಡಿಮನೆಗಳು, ಹತ್ತು ಹದಿನೈದು ವರ್ಷ ಹಳೆಯವು. ಅವುಗಳಿಗೆ ಕೊಳ್ಳುವ ಮುಂಚಿನ ತಪಾಸಣೆಯೇ ಕಾವಲು.

ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಈ ಕೆಲಸಕ್ಕೆಂದೇ ಸಂಸ್ಥೆಗಳು ಹುಟ್ಟಿವೆ. ಹುಬ್ಬಳ್ಳಿಯಲ್ಲಿ ಅನುಭವಿ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆದು ಮಾಡಿಸಬಹುದು. ವಿದ್ಯಾನಗರದಲ್ಲಿ 1947ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತ ಬಂದ ಬಿವಿಬಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಬಲ್ಲವರಿಗೆ ಈ ಊರಿನಲ್ಲಿ ಬರವಿಲ್ಲ, ಕೇಳುವ ರೂಢಿ ಬೆಳೆಯಬೇಕಷ್ಟೆ. ಕರೆಯುವಾಗ ನಾಲ್ಕು ಮಾತು ನೆನಪಿರಲಿ. ತಪಾಸಕರಿಗೆ ಫೀ ಕೊಡುವವರು ನೀವಾಗಿರಬೇಕು, ಮಾರುವವರಲ್ಲ, ಏಜೆಂಟರೂ ಅಲ್ಲ. ದೋಷ ಹುಡುಕಿದವರೇ ರಿಪೇರಿ ಗುತ್ತಿಗೆ ಹಿಡಿಯಬಾರದು. ವರದಿ ಫೋಟೋ, ಅಳತೆ, ತಾರೀಖುಗಳೊಂದಿಗೆ ಬರಹದಲ್ಲಿರಬೇಕು. ಮತ್ತು ತಾವು ಏನನ್ನು ನೋಡಲಾಗಲಿಲ್ಲ ಎಂಬುದನ್ನೂ ಅದರಲ್ಲಿ ಬರೆದಿರಬೇಕು. ಈ ನಾಲ್ಕನೆಯದನ್ನು ಕೇಳದೆಯೇ ಬರೆಯುವವರನ್ನು ಧೈರ್ಯವಾಗಿ ನಂಬಬಹುದು.

ತಪಾಸಣೆ ಕೊಳ್ಳುವವರಿಗಷ್ಟೇ ಅಲ್ಲ, ಇರುವ ಮನೆಗೂ ಬೇಕು. ವರ್ಷಕ್ಕೆರಡು ಸಲ ಮಾಳಿಗೆ ಹತ್ತಿ ನೀರು ಹೋಗುವ ಬಾಯಿ ನೋಡುವುದು, ಮನೆಯ ಸುತ್ತ ನೀರು ಹೊರಕ್ಕೆ ಹರಿಯುವಂತೆ ಇಳಿಜಾರಿನ ಹಾಸು ಇಟ್ಟುಕೊಳ್ಳುವುದು, ಪಾಯಕ್ಕೆ ಒತ್ತಿ ದೊಡ್ಡ ಗಿಡ ಬೆಳೆಸದಿರುವುದು ಎರಿ ಸೀಮೆಯಲ್ಲಿ ಬಣ್ಣ ಹೊಡೆಸುವುದಕ್ಕಿಂತ ದೊಡ್ಡ ಉಪಚಾರ.

ಗೋಡೆಯ ಮೇಲಿನ ತಾರೀಖುಗಳು

ಮಾರುವವರು ಒಳ್ಳೆಯವರು. ಜೂನ್ ಮೊದಲ ವಾರದಲ್ಲೇ ಕೊಳವೆ ಬದಲಾಯಿಸಿ, ನೀರನ್ನು ಗಟಾರಕ್ಕೆ ಸೇರಿಸಿದರು. ತಂಗಿ ಮತ್ತು ಅವಳ ಗಂಡ ಮುಂಗಡ ಕೊಟ್ಟು, ಅಕ್ಟೋಬರಿನ ಅಳತೆ ನೋಡಿಯೇ ನೋಂದಣಿ ಎಂದು ಒಪ್ಪಂದ ಮಾಡಿಕೊಂಡರು. ಮಣ್ಣಿನ ಪರೀಕ್ಷೆಯಲ್ಲಿ ಎರಿ ಮಧ್ಯಮ ಉಬ್ಬುವಿಕೆಯದು ಎಂದು ಬಂತು. ಕಂಬಗಳ ಕಾಂಕ್ರೀಟು ಚೆನ್ನಾಗಿತ್ತು. ಅಕ್ಟೋಬರಿನಲ್ಲಿ ಎಂಜಿನಿಯರ್ ಮತ್ತೆ ಬಂದು ಅದೇ ಎರಡು ಗುರುತುಗಳ ನಡುವೆ ಕ್ಯಾಲಿಪರ್ ಇಟ್ಟರು. ಅಂತರ ಕಡಿಮೆಯಾಗಿತ್ತು. ಸುತ್ತಲಿನ ಮಣ್ಣು ಮಳೆಗೆ ಎದ್ದು ಆ ಮೂಲೆಯ ಸಮಕ್ಕೆ ಬಂದಿತ್ತು. ಆದರೂ ಅವರು ‘ಮುಂದಿನ ಮೇದಾಗ ಇನ್ನೊಮ್ಮೆ ಅಳೀರಿ. ಬ್ಯಾಸಗಿ ದಾಟಿದ ಮ್ಯಾಲೆ ಖಾತ್ರಿ’ ಎಂದು ವರದಿಯಲ್ಲೂ ಅದನ್ನೇ ಬರೆದುಕೊಟ್ಟರು.

ಬೇಸಿಗೆ ದಾಟಿತು. ಎರಡು ಕಾರ್ಡು ತೂರುತ್ತಿದ್ದ ಕಡೆ ಒಂದೂ ತೂರಲಿಲ್ಲ. ಬಿರುಕಿನ ತುದಿ ಮೊದಲ ಅಡ್ಡಗೀಟನ್ನು ದಾಟಿರಲಿಲ್ಲ. ಇಡೀ ಮನೆಗೆ ಬಣ್ಣ ಹೊಡೆಸಿದಾಗಲೂ ತಂಗಿ ಆ ಮೂಲೆಯ ಒಂದು ಗೇಣು ಜಾಗವನ್ನು ಹಾಗೇ ಬಿಡಿಸಿದ್ದಾಳೆ. ಕಿಟಕಿಯ ಕೆಳಗೆ ಪೆನ್ಸಿಲ್ಲಿನ ತಾರೀಖುಗಳು ಒಂದರ ಕೆಳಗೊಂದು ಇವೆ. ಮೊದಲನೆಯದನ್ನು ಬಿಟ್ಟರೆ ಎಲ್ಲದರ ಮುಂದೂ ಒಂದೇ ಅಂಕಿ.